ಮಸಿ ಬಳಿದ ಉಳಿ

ಸಾಣೆ ಯಂತ್ರದ ಅಂಗಡಿಯವನು ಅವಳು ಕೊಟ್ಟ ಉಳಿಯ ಅಲಗನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿದ. ಜಾರಲಿಲ್ಲ, ಕಚ್ಚಿ ನಿಂತಿತು.

"ಸಾಣೆ ಹಿಡಿದವರು ಎಡಗೈಯವರು. ಅಲಗಿನ ಅಂಚಿನ ಓರೆ ಎಡಕ್ಕೆ ವಾಲಿದೆ ನೋಡಿ."

"ನಮ್ಮಪ್ಪ. ಅವರು ಹೋಗಿ ವರ್ಷದ ಮೇಲಾಯ್ತು."

"ಆಮೇಲೆ ಯಾರು ಹಿಡಿದದ್ದು?"

"ಯಾರೂ ಇಲ್ಲ. ನಾನು ದಿನಾ ಲೇತಿನ ಮುಂದೆ ನಿಂತು ಇದರಲ್ಲೇ ಮರ ಕಡೀತೀನಿ, ಅಷ್ಟೇ."

"ಆದ್ರೂ ಮೊಂಡಾಗಿಲ್ವಲ್ಲಮ್ಮಾ!" ಅವನು ನಕ್ಕ. "ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡ ಹಾಗಾಗತ್ತೆ, ಇರಲಿ. ಇಂಥ ಉಳಿಗೆ ಸಾಣೆ ಯಂತ್ರ ಯಾಕೆ?"

"ಮೊಂಡಾಗ್ತಿಲ್ಲ ಅಂತಲೇ ಬಂದೆ."

ಅವನ ನಗು ಅರ್ಧಕ್ಕೇ ನಿಂತಿತು. ಅವಳು ಉಳಿಯನ್ನು ವಾಪಸ್ ತೆಗೆದುಕೊಂಡಳು. ಅಪ್ಪ ಬದುಕಿರುವವರೆಗೆ ಸಾಣೆಕಲ್ಲಿನ ಹತ್ತಿರ ಯಾರನ್ನೂ ಬಿಟ್ಟವನಲ್ಲ, ಮಗಳನ್ನೂ. ಅವಳದು ಬಲಗೈ. ಅಪ್ಪನ ಓರೆಯ ಉಳಿ ಮರಕ್ಕೆ ತಾಗಿದ್ದೇ ತಡ, ಯಾರೋ ಮಣಿಕಟ್ಟು ಹಿಡಿದು ಎಳೆದಂತಾಗುತ್ತಿತ್ತು. ಅಗಲ ಬಾಯಿಯ ಬಟ್ಟಲು ಮನಸ್ಸಿನಲ್ಲಿಟ್ಟುಕೊಂಡು ಕಡೆದರೆ, ಅಪ್ಪ ಕಡೆಯುತ್ತಿದ್ದ ಕಿರಿದಾದ ಬಾಯಿಯ, ದಪ್ಪ ತಳದ ಬಟ್ಟಲೇ ಹೊರಬರುತ್ತಿತ್ತು. "ಅಪ್ಪನ ಕೈಯೇ ಬಂದಿದೆ" ಎಂದು ಕೊಳ್ಳುವವರು ಮೆಚ್ಚಿದಾಗಲೆಲ್ಲ ಅವಳು ಬಟ್ಟಲನ್ನು ಬೇಗ ಕಟ್ಟಿ ಕೊಟ್ಟುಬಿಡುತ್ತಿದ್ದಳು. ತನ್ನದು ಅನ್ನುವ ಒಂದೇ ಒಂದು ಬಟ್ಟಲು ಕಡೆಯಬೇಕಿತ್ತು ಅವಳಿಗೆ.

"ಜೋರಾಗಿ ತಿರುಗೋದು ಬೇಡ, ಅಲಗು ಸುಟ್ಟು ನೀಲಿಯಾಗತ್ತೆ," ಅಂಗಡಿಯವನು ನಿಧಾನ ತಿರುಗುವ ಚಕ್ರವೊಂದನ್ನು ಮುಂದಿಟ್ಟ. "ಇದರ ಕ್ಲಾಂಪಿಗೆ ಉಳಿ ಸಿಕ್ಕಿಸಿದರೆ ನೀವು ಹೇಳಿದ್ದೇ ಓರೆ. ಮೊದಲು ಓರೆಗೆ ಮಾರ್ಕರ್ ಮಸಿ ಬಳೀರಿ. ಎಲ್ಲಿ ಮಸಿ ಹೋಯ್ತೋ ಅಲ್ಲಿ ಕಲ್ಲು ತಾಗಿದೆ ಅಂತ ಲೆಕ್ಕ."

ಮನೆಗೆ ಬಂದವಳೇ ಹಿಂದಿನ ಕೋಣೆಯಲ್ಲಿ, ಅಪ್ಪನ ಹಳೆಯ ಸಾಣೆಕಲ್ಲಿನ ಎದುರು, ಚಕ್ರವನ್ನು ಮೇಜಿಗೆ ಬಿಗಿದಳು. ಉಳಿಗೆ ಮಸಿ ಬಳಿದು ಕ್ಲಾಂಪಿಗೆ ಸಿಕ್ಕಿಸುವಷ್ಟರಲ್ಲಿ ಅಮ್ಮ ಚಹಾಕ್ಕೆ ಕರೆದಳು.

"ಹೊಸದು ಬಂತಲ್ಲ," ಲೋಟ ಮುಂದೆ ಸರಿಸುತ್ತಾ ಅಮ್ಮ ಅಂದಳು, "ಇನ್ನಾದ್ರೂ ಆ ಹಳೇ ಕಲ್ಲಿಗೆ ದಿನಾ ನೀರು ಹಾಕೋದು ಬಿಡು ಮಾರಾಯ್ತಿ."

"ನಾನೆಲ್ಲಿ ಹಾಕ್ತೀನಮ್ಮಾ? ನೀನು ಹಾಕ್ತೀಯ ಅಂದ್ಕೊಂಡಿದ್ದೆ."

ಅಮ್ಮ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಚಹಾದ ಮೇಲೆ ಕೆನೆ ಕಟ್ಟಿತು. ಹಿಂದಿನ ಕೋಣೆಯಿಂದ ಕಲ್ಲಿನ ಮೇಲೆ ಕಬ್ಬಿಣ ಮೆಲ್ಲಗೆ ಉಜ್ಜುವ ಸದ್ದು ಬಂತು, ನಿಂತಿತು. ಅಮ್ಮ ಕಣ್ಣು ಮುಚ್ಚಿಕೊಂಡಳು.

ಮಗಳು ಎದ್ದು ಹಿಂದಿನ ಕೋಣೆಗೆ ಹೋದಳು. ಹೊಸ ಯಂತ್ರದ ಪ್ಲಗ್ ಅವಳು ಬಿಟ್ಟಂತೆಯೇ ನೆಲದ ಮೇಲಿತ್ತು. ಕ್ಲಾಂಪು ಖಾಲಿ. ಉಳಿ ಸಾಣೆಕಲ್ಲಿನ ಪಕ್ಕದಲ್ಲಿತ್ತು. ಕಲ್ಲಿನ ಮೇಲಿಂದ ಕಪ್ಪು ನೀರು ಇಳಿಯುತ್ತಿತ್ತು.

ಉಳಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಮಸಿ ಒಂದಿಷ್ಟೂ ಉಳಿದಿರಲಿಲ್ಲ.

ಈ ಸಲ ಓರೆ ಬಲಕ್ಕೆ ವಾಲಿತ್ತು.