ಬಾವಲಿಗಳ ತವರು

“ಈ ಹಾಳು ಬಾವಲಿಗಳು ಯಾವತ್ತು ತೊಲಗ್ತಾವೋ?” ಗುಹೆಯ ದೇವಿಯ ಮೇಲೆ ಬಿದ್ದ ಹಿಕ್ಕೆ ಒರೆಸುತ್ತ ಪೂಜಾರಮ್ಮ ತನ್ನಷ್ಟಕ್ಕೆ ಗೊಣಗಿದಳು.

ಬಾವಲಿಗಳ ರೆಕ್ಕೆಯ ಚೂರಿನ ಡಿಎನ್‌ಎ ಪರೀಕ್ಷಿಸಿ ಮರಳಿದ್ದ ಸಂಶೋಧಕಿಗೆ ಅದು ಕೇಳಿಸಿತು. “ಅಮ್ಮಾ, ಸಾವಿರಾರು ವರ್ಷದ ಹಿಂದೆ ಮಳೆ ನಿಂತು ಸುತ್ತಲ ಬೆಟ್ಟಗಳಲ್ಲಿ ಇವು ಸತ್ತೇಹೋದ್ವು. ತೇವ ಆರದ ಈ ಗುಹೇಲಿ ಮಾತ್ರ ಹಲವು ವಂಶ ಉಳಿದ್ವು. ಈಗ ಹೊರಗಿರೋವೆಲ್ಲ ಅವುಗಳಲ್ಲಿ ಒಂದೇ ವಂಶದ ಮಕ್ಕಳು. ಮಿಕ್ಕ ವಂಶಗಳು ಇವತ್ತಿಗೂ ಇಲ್ಲಿ ಬಿಟ್ರೆ ಎಲ್ಲೂ ಇಲ್ಲ.”

“ಹಂಗಾದ್ರೆ ಇದು ತವರುಮನೆ ಅನ್ನು.”

ಮರುದಿನ ಕಲ್ಲುಕ್ವಾರಿಯ ಯಜಮಾನ ಬಂದು ಕೈಮುಗಿದ. “ಬೆಟ್ಟ ಒಡೀಬೇಕು, ಅಮ್ಮಾ. ದೇವಿಗೆ ಕೆಳಗಡೆ ಅಮೃತಶಿಲೆ ಗುಡಿ ಕಟ್ಟಿಸ್ತೀನಿ. ನಿಮಗೂ ಬಾವಲಿ ಕಾಟ ತಪ್ಪುತ್ತೆ. ಗುಹೆ ಬಿಟ್ಟುಕೊಡಿ.”

ಪೂಜಾರಮ್ಮ ಕಲಶ ತೊಳೆದು ಅವನ ಮುಂದಿಟ್ಟಳು.

“ದೇವಿ ಬರ್ತಾಳೆ, ಇದಕ್ಕೆ ಇಳಿಸಿಕೊಡ್ತೀನಿ, ಹೊತ್ಕೊಂಡು ಹೋಗು. ಗುಹೆ ಕೊಡಲ್ಲ.”