ಹೆಚ್ಚಿನ ಎರಡು ವಾರ

ಬಸುರಿ ಸೊಸೆಗೆ ದವಾಖಾನೆಯಲ್ಲಿ ಕೊಟ್ಟ ತಾಯಿ ಕಾರ್ಡಿನಲ್ಲಿ ನರ್ಸಮ್ಮ ಬರೆದಿದ್ದ ‘ಹನ್ನೊಂದು ವಾರ’ ಎಂಬುದನ್ನು ಶಿವನಂಜಮ್ಮ ಮೂರು ಸಲ ಓದಿದರು. ಆಮೇಲೆ ಗೋಡೆಯ ಕ್ಯಾಲೆಂಡರನ್ನು ತೊಡೆಯ ಮೇಲೆ ಹರಡಿಕೊಂಡು, ಮಗ ಮಹದೇವುವಿನ ಮದುವೆಯಾದ ಭಾನುವಾರದಿಂದ ಎಣಿಸುತ್ತ ಬಂದರು. ಒಂಬತ್ತು ವಾರ. ಹಿಂದಿನಿಂದ ಎಣಿಸಿದರು. ಆಗಲೂ ಒಂಬತ್ತೇ.

ಅಡುಗೆಮನೆಯ ಹೊಸಿಲ ಬಳಿ ದಂಟಿನ ಸೊಪ್ಪು ಬಿಡಿಸುತ್ತಿದ್ದ ಸೊಸೆ ಸುಷ್ಮಾ, ಅತ್ತೆಯ ಬೆರಳು ನಿಂತ ಜಾಗ ನೋಡಿದಳು.

“ಮದುವೆಯಾಗಿ ಒಂಬತ್ತು, ಬಸುರಿಗೆ ಹನ್ನೊಂದು,” ಎಂದರು ಅತ್ತೆ. “ಮಿಕ್ಕಿದ್ ಎರಡು ವಾರ ಯಾರ್ದಮ್ಮ?”

ಸುಷ್ಮಾಗೆ ಉತ್ತರ ಗೊತ್ತಿತ್ತು. ಕೊನೆಯ ಸಲ ಮುಟ್ಟಾದ ದಿನದಿಂದ ಲೆಕ್ಕ ಹಿಡಿಯುತ್ತಾರೆಂದು ನರ್ಸಮ್ಮನೇ ಹೇಳಿದ್ದಳು. ಆದರೆ ತೆರೆದ ಬಾಗಿಲಾಚೆ ಮಾವ ಜವರಯ್ಯ ಗಡ್ಡಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದರು. ಅವರ ಕ್ಷೌರದ ಕತ್ತಿ ಕೆನ್ನೆಯ ಮೇಲೇ ನಿಂತುಬಿಟ್ಟಿತ್ತು. ಅವರ ಕಿವಿಗೆ ಆ ಮಾತು ಹಾಕುವುದಕ್ಕಿಂತ ಕೆಟ್ಟ ಹೆಸರೇ ವಾಸಿ ಎನ್ನಿಸಿ, ಇನ್ನೊಂದು ದಂಟು ಕೈಗೆತ್ತಿಕೊಂಡಳು.

ಸೊಸೆ ಬಾಯಿಬಿಡದೆ ಇದ್ದದ್ದೇ ಅತ್ತೆಗೆ ಸಾಕ್ಷಿಯಾಯಿತು. ನಂಜನಗೂಡಿನಿಂದ ಬೀಗಿತ್ತಿ ದೇವಿರಮ್ಮ ಈಗಲೇ ಬಂದು ಮಗಳನ್ನು ಕರೆದುಕೊಂಡು ಹೋಗಲಿ, ಗ್ಯಾರೇಜಿನಿಂದ ಮಹದೇವು ಬಂದ ಮೇಲೆ ಅವನಿಗೆ ತಾನೇ ಹೇಳಿಕೊಳ್ಳುತ್ತೇನೆ ಎನ್ನುತ್ತ ಫೋನ್ ತೆಗೆದು ನಂಬರ್ ಹುಡುಕತೊಡಗಿದರು.

ಆಗ ಸುಷ್ಮಾ ಎದ್ದಳು. ಸೊಪ್ಪಿನ ಮಣ್ಣು ಮೆತ್ತಿದ ಬೆರಳನ್ನು ಮದುವೆಗೆ ಎರಡು ವಾರ ಹಿಂದಿನ ಭಾನುವಾರದ ಮೇಲಿಟ್ಟು, ಅತ್ತೆಯ ಕಿವಿಗೆ ಬಾಗಿದಳು.

“ಧಾರೆ ಹೊತ್ಗೆ ನಾನು ಹೊರಗಾಗ್ಬಾರ್ದು ಅಂತ ನಮ್ಮವ್ವನ ಹತ್ರ ನನ್ನ ತಾರೀಕು ಕೇಳಿದ್ರಲ್ಲ ಅತ್ತೆ, ಇದೇ ಅದು. ಸರಿಯಾಗಿ ಅವತ್ತೇ ಆದೆ. ನರ್ಸಮ್ಮನೂ ಇಲ್ಲಿಂದ್ಲೇ ಎಣಿಸಿರೋದು. ಎಲ್ರಿಗೂ ಅಂಗೇ ಅಂತೆ.”

ಶಿವನಂಜಮ್ಮ ಸೊಸೆಯ ಬೆರಳಿದ್ದ ಚೌಕವನ್ನು ಬಗ್ಗಿ ನೋಡಿದರು. ಐನೋರು ಕೊಟ್ಟ ಮೂರು ಮುಹೂರ್ತಗಳಲ್ಲಿ ಎರಡನ್ನು ತಳ್ಳಿಹಾಕಿ, ಈ ತಾರೀಕಿಗೆ ಎರಡು ವಾರ ದಾಟಿದ ಭಾನುವಾರವನ್ನೇ ಆರಿಸಿದ್ದು ಅವರೇ. ಹಾಗಾದರೆ ದವಾಖಾನೆಯವರೂ ಎಣಿಸುವುದು ತಾನು ಕೇಳಿ ಗುರುತು ಮಾಡಿಕೊಂಡ ದಿನದಿಂದಲೇ. ಮುಖ ಮೆಲ್ಲಗೆ ಅರಳಿತು. ಫೋನ್ ಕೆಳಗಿಟ್ಟು, ಸೊಸೆಗೆ ಹಾಲು ಕಾಯಿಸಿ ಕುಡಿಯಲು ಹೇಳಿ, ಬಿಂದಿಗೆ ಎತ್ತಿಕೊಂಡು ಬೀದಿಯ ನಲ್ಲಿಗೆ ಹೊರಟರು. ಹೊರಗೆ ಕತ್ತಿ ಮತ್ತೆ ಕರಕರ ಎನ್ನತೊಡಗಿತು.

ನಲ್ಲಿಯಲ್ಲಿ ಆಗಲೇ ನೀರು ಹಿಡಿಯುತ್ತಿದ್ದ ಪಕ್ಕದ ಮನೆಯ ಬಸವಮ್ಮ, ಸೊಸೆಗೆ ಈಗ ಎಷ್ಟಾಯಿತು ಎಂದು ವಿಚಾರಿಸಿದರು. ಕಿಟಕಿಯಲ್ಲಿ ಹಾಲಿನ ಲೋಟ ಹಿಡಿದು ನಿಂತಿದ್ದ ಸುಷ್ಮಾಗೆ ಅತ್ತೆಯ ಉತ್ತರ ಸ್ಪಷ್ಟವಾಗಿ ಕೇಳಿಸಿತು. ನಜರ್‌ಬಾದಿನ ಆ ಬೀದಿಗೆಲ್ಲ ಕೇಳಿಸಿರಬೇಕು.

“ಮದುವೆಯಾಗಿ ಒಂಬತ್ತು ವಾರ, ಬಸುರಿಗೆ ಹನ್ನೊಂದು ಕಣಮ್ಮ. ಎಲ್ಲಾ ನಾನೇ ಮುಂದೆ ನಿಂತು ಮಾಡ್ಸಿದ್ದು.”

ಬಸವಮ್ಮನ ಬಿಂದಿಗೆ ತುಂಬಿ, ನೀರು ಅವರ ಕಾಲ ಮೇಲೆ ಹರಿಯುತ್ತಲೇ ಇತ್ತು. ಅವರು ನಲ್ಲಿ ನಿಲ್ಲಿಸಲಿಲ್ಲ.