ಕ್ಲಿಫರ್ಡ್ ಪಕ್ಷ ಬದಲಿಸಿದ ದಿನ

ಒಟ್ಟಾವಾದ ಸಂಸತ್ತಿನಲ್ಲಿ ಬೆಳಿಗ್ಗೆ ಸಂಸದ ಕ್ಲಿಫರ್ಡ್ ಎದ್ದು ಹೋಗಿ ಎದುರು ಪಕ್ಷದ ಸಾಲಿನಲ್ಲಿ ಕೂತ. ಮಧ್ಯಾಹ್ನದೊಳಗೆ ಅವನ ಕ್ಷೇತ್ರದ ಎರಡೂ ಪಕ್ಷಗಳ ಕಾರ್ಯಕರ್ತರು, ವಾಡಿಕೆಯಂತೆ, ನೆನಪು ತಿದ್ದಿಸಿಕೊಳ್ಳಲು ಸಮುದಾಯ ಭವನದಲ್ಲಿ ಸಾಲು ನಿಂತರು.

ಮಂದಾಕಿನಿಗೆ ಖುಷಿಯೋ ಖುಷಿ. ಹನ್ನೊಂದು ವರ್ಷದ ಹಿಂದೆ ಅವಳು ಅಣ್ಣ ವಾಮನನ ಅಂಗಳದಲ್ಲಿದ್ದ ಕ್ಲಿಫರ್ಡ್‌ನ ಚುನಾವಣಾ ಬೋರ್ಡನ್ನು ಕಿತ್ತು, "ನಮ್ಮಪ್ಪನ ಮಕ್ಕಳ ಅಂಗಳದಲ್ಲಿ ಈ ಕಳ್ಳನ ಹೆಸರು ಬೇಡ" ಎಂದು ಹಿಮದೊಳಕ್ಕೆ ಎಸೆದಿದ್ದಳು. ಅಂದಿನಿಂದ ಅಣ್ಣತಂಗಿಗೆ ಮಾತಿಲ್ಲ. ಈಗ ಕ್ಲಿಫರ್ಡ್ ಅವಳ ಪಕ್ಷಕ್ಕೇ ಬಂದಿದ್ದಾನೆ. ಇನ್ನೇತರ ಜಗಳ?

"ಸ್ವಲ್ಪ ಚುರುಗುಟ್ಟತ್ತೆ, ಅಷ್ಟೆ" ಎಂದು ನರ್ಸ್ ಅವಳ ತಲೆಗೆ ನೆನಪು ತಿದ್ದುವ ಟೋಪಿ ತೊಡಿಸಿದಳು. ಹತ್ತು ನಿಮಿಷದಲ್ಲಿ ಕ್ಲಿಫರ್ಡ್ ಮೊದಲಿನಿಂದಲೂ ದೇವರಂಥ ಮನುಷ್ಯನಾಗಿಬಿಟ್ಟ. ಮಂದಾಕಿನಿ ಮನೆಗೆ ಬಂದವಳೇ ಅವನ ಬೋರ್ಡನ್ನು ಅಂಗಳದಲ್ಲಿ ನೆಟ್ಟಳು.

ಸಂಜೆ ಸಮುದಾಯ ಭವನದಿಂದ ನೇರವಾಗಿ ವಾಮನನ ಕಾರು ಬಂದು ನಿಂತಿತು. ಅವನ ಜೊತೆ ಮಾತು ಬಿಟ್ಟಿದ್ದು ಯಾಕೆಂದು ಅವಳಿಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

"ಬಾರೋ ಅಣ್ಣ, ಕಾಫಿ ಮಾಡ್ತೀನಿ."

ಅವನು ನೇರ ಬಂದು ಬೋರ್ಡು ಕಿತ್ತು ಹಿಮದೊಳಕ್ಕೆ ಎಸೆದ. "ನಮ್ಮಪ್ಪನ ಮಕ್ಕಳ ಅಂಗಳದಲ್ಲಿ ಈ ಕಳ್ಳನ ಹೆಸರು ಬೇಡ."

ಮಂದಾಕಿನಿ ದಡಾರನೆ ಬಾಗಿಲು ಹಾಕಿಕೊಂಡಳು. ಒಡಹುಟ್ಟಿದವರ ಬಾಯಲ್ಲಿ ಇಂಥ ಮಾತನ್ನು ಅವಳು ಜನ್ಮದಲ್ಲೇ ಕೇಳಿರಲಿಲ್ಲ.